ಶಾರ್ಟ್ ರೋ: ತೂತು ಬೀಳದಂತೆ ಸಾಲಿನ ಮಧ್ಯದಲ್ಲೇ ತಿರುಗಿ ಹೆಣೆಯುವುದು

ನಿಟ್ಟಿಂಗ್ ಕಲಿಯುವವರು ತಂದು ತೋರಿಸುವ ತುಂಡುಗಳಲ್ಲಿ ಒಂದೇ ತೊಂದರೆ ಮತ್ತೆ ಮತ್ತೆ ಕಾಣುತ್ತದೆ. ಸ್ವೆಟರಿನ ಭುಜ ಅಥವಾ ಸಾಕ್ಸಿನ ಹಿಮ್ಮಡಿ ಬರುವ ತನಕ ಕೆಲಸ ಚೆನ್ನಾಗಿಯೇ ಇರುತ್ತದೆ. ಶಾರ್ಟ್ ರೋ ಶುರುವಾಯಿತು ಅನ್ನುವಷ್ಟರಲ್ಲಿ ಓರೆಯಾಗಿ ಒಂದರ ಮೇಲೊಂದು ತೂತು, ಕುಣಿಕೆ ಲೆಕ್ಕ ಹೆಚ್ಚುಕಮ್ಮಿ. ಎಲ್ಲ ಬಿಚ್ಚಿ ಮತ್ತೆ ಹೆಣೆದರೂ ಅದೇ ಕಥೆ.

ಇದು ಕೈಯ ದೋಷ ಅಲ್ಲ. ತಿರುಗುವುದನ್ನು ಎಲ್ಲರೂ ಗಮನ ಕೊಟ್ಟು ಕಲಿಯುತ್ತಾರೆ. ಆಮೇಲೆ ಬರುವ ಮುಚ್ಚುವ ಸಾಲನ್ನು, ಅಂದರೆ ತಿರುಗಿದ ಜಾಗಗಳನ್ನೆಲ್ಲ ಮುಚ್ಚುತ್ತಾ ಕೊನೆಯವರೆಗೆ ಹೆಣೆಯುವ ಸಾಲನ್ನು, ಮಾತ್ರ ಮಾಮೂಲಿ ಸಾಲು ಅಂದುಕೊಂಡು ಸರಸರ ಹೆಣೆದುಬಿಡುತ್ತಾರೆ. ತೂತು ಉಳಿಯುತ್ತದೋ ಇಲ್ಲವೋ ಅನ್ನುವುದು ತೀರ್ಮಾನವಾಗುವುದು ಆ ಸಾಲಿನಲ್ಲಿ. ಅದಕ್ಕೇ ಇಲ್ಲಿ ಅದರ ಬಗ್ಗೆ ಜಾಸ್ತಿ ಹೇಳಿದ್ದೇನೆ.

ಕಾಸ್ಟ್ ಆನ್, ನಿಟ್, ಪರ್ಲ್, ಕಾಸ್ಟ್ ಆಫ್ ಈ ನಾಲ್ಕು ಬಂದರೆ ಸಾಕು. ನಿಟ್‌ಗೆ ಸೀದಾ, ಪರ್ಲ್‌ಗೆ ಉಲ್ಟಾ ಅಂತ ಕಲಿತವರು ಹಾಗೇ ಓದಿಕೊಳ್ಳಿ.

## ಸಾಲು ಅರ್ಧಕ್ಕೆ ನಿಂತರೆ ಏನಾಗುತ್ತದೆ?

ಶಾರ್ಟ್ ರೋ ಅಂದರೆ ಸಾಲಿನ ಕೊನೆಯವರೆಗೆ ಹೋಗದೆ, ನಡುವೆ ಎಲ್ಲೋ ನಿಂತು, ಕೆಲಸವನ್ನು ತಿರುಗಿಸಿ ಬಂದ ದಾರಿಯಲ್ಲೇ ವಾಪಸ್ ಹೆಣೆಯುವುದು. ಹೆಣೆದ ಭಾಗಕ್ಕೆ ಎರಡು ಸಾಲು ಜಾಸ್ತಿ ಸಿಗುತ್ತದೆ. ಹೆಣೆಯದೆ ಬಿಟ್ಟ ಭಾಗ ಇದ್ದಲ್ಲೇ ಇರುತ್ತದೆ. ಹೀಗೆ ನಾಲ್ಕು ಸಲ ಮಾಡಿದರೆ ಒಂದು ಅಂಚು ಎತ್ತರ, ಇನ್ನೊಂದು ಅಂಚು ತಗ್ಗು. ಬಟ್ಟೆ ಕಲ್ಲಂಗಡಿ ಹೋಳಿನ ಹಾಗೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಚೂಪಾಗುತ್ತದೆ.

ಕುಣಿಕೆ ಕೂಡಿಸಿದರೆ, ಕಳೆದರೆ ಬಟ್ಟೆಯ ಅಗಲ ಬದಲಾಗುತ್ತದೆ. ಶಾರ್ಟ್ ರೋದಲ್ಲಿ ಅಗಲ ಹಾಗೇ ಇದ್ದು ಎತ್ತರ ಮಾತ್ರ ಬದಲಾಗುತ್ತದೆ. ಆದ್ದರಿಂದ ಕಡ್ಡಿಯ ಮೇಲಿನ ಕುಣಿಕೆ ಲೆಕ್ಕ ಮೊದಲಿಂದ ಕೊನೆಯವರೆಗೆ ಒಂದೇ ಇರಬೇಕು. ಲೆಕ್ಕ ಬದಲಾಯಿತು ಅಂದರೆ ಎಲ್ಲೋ ತಪ್ಪಿದೆ ಅಂತಲೇ ಅರ್ಥ.

ತೂತು ಯಾಕೆ ಬರುತ್ತದೆ? ತಿರುಗಿದ ಜಾಗದಲ್ಲಿ ಹೆಣೆದ ಕುಣಿಕೆ ಎರಡು ಸಾಲು ಮೇಲಿರುತ್ತದೆ, ಪಕ್ಕದ ಹೆಣೆಯದ ಕುಣಿಕೆ ಕೆಳಗೇ ಉಳಿದಿರುತ್ತದೆ. ಎರಡರ ನಡುವೆ ಕೊಂಡಿ ಇಲ್ಲ. ಶಾರ್ಟ್ ರೋದ ಎಲ್ಲ ವಿಧಾನಗಳೂ ಈ ಕೊಂಡಿಯನ್ನು ಹಾಕುವ ಬೇರೆ ಬೇರೆ ದಾರಿಗಳು, ಅಷ್ಟೇ. ಹೊಸಬರಿಗೆ ನಾನು ಹೇಳಿಕೊಡುವುದು ಜರ್ಮನ್ ಶಾರ್ಟ್ ರೋ. ಕೈಚಳಕ ಕಡಿಮೆ ಸಾಕು, ತಪ್ಪಾದರೆ ತಕ್ಷಣ ಕಣ್ಣಿಗೆ ಬೀಳುತ್ತದೆ.

## ಬೇಕಾಗುವ ಸಾಮಾನು

ನೂಲು: ತಿಳಿ ಬಣ್ಣದ, ನಯವಾದ, ಲೇಬಲ್ ಮೇಲೆ 4 ಮಿ.ಮೀ. ಕಡ್ಡಿ ಅಂತ ಬರೆದಿರುವ ಉಣ್ಣೆ ಅಥವಾ ಅಕ್ರಿಲಿಕ್ ನೂಲು. ಕಪ್ಪು, ಕಡು ನೀಲಿ ಬೇಡ. ತಿರುವಿನಲ್ಲಿ ಅಕ್ಕಪಕ್ಕ ಕೂರುವ ಎರಡು ಎಳೆ ಅದರಲ್ಲಿ ಕಾಣುವುದೇ ಇಲ್ಲ. ತುಪ್ಪಟದ ಹಾಗೆ ಕೂದಲೆದ್ದಿರುವ ನೂಲೂ ಬೇಡ. ಹತ್ತಿ ನೂಲಿಗೆ ಹಿಗ್ಗಿ ಕುಗ್ಗುವ ಗುಣ ಕಡಿಮೆ, ಸಣ್ಣ ಸಡಿಲವೂ ತೂತಾಗಿ ಕಾಣುತ್ತದೆ. ಕಲಿತ ಮೇಲೆ ಬಳಸಿ.

ಕಡ್ಡಿ: 4 ಮಿ.ಮೀ. ಇಲ್ಲಿ ಒಂದು ಎಚ್ಚರ. ನಮ್ಮ ಅಂಗಡಿಗಳಲ್ಲಿ ಸಿಗುವ ಬ್ರಿಟಿಷ್ ಅಳತೆಯ 8 ನಂಬರ್ ಕಡ್ಡಿ 4 ಮಿ.ಮೀ. ಅಮೆರಿಕದ ಪ್ಯಾಟರ್ನ್‌ನಲ್ಲಿ 8 ಅಂದರೆ 5 ಮಿ.ಮೀ. ಬ್ರಿಟಿಷ್ ಅಳತೆಯಲ್ಲಿ ನಂಬರ್ ಏರಿದಂತೆ ಕಡ್ಡಿ ಸಣ್ಣಗಾಗುತ್ತದೆ, ಅಮೆರಿಕದಲ್ಲಿ ದಪ್ಪಗಾಗುತ್ತದೆ. ನಂಬರ್ ಬಿಟ್ಟು ಮಿ.ಮೀ. ನೋಡಿಯೇ ಕೊಳ್ಳಿ.

ಮಾರ್ಕರ್: ಬಾಯಿ ತೆರೆದು ಮುಚ್ಚುವಂಥದ್ದು, 6 ಸಾಕು. ಇಲ್ಲದಿದ್ದರೆ ಸಣ್ಣ ಸೇಫ್ಟಿ ಪಿನ್ ನಡೆಯುತ್ತದೆ.

ಉಳಿದದ್ದು: ದಪ್ಪ ಕಣ್ಣಿನ ಮೊಂಡು ಸೂಜಿ, ಟೇಪು, ಪೆನ್ಸಿಲ್, ಕಾಗದ. ಪೆನ್ಸಿಲ್, ಕಾಗದ ಯಾಕೆ ಅಂತ ಕೇಳಬೇಡಿ. ಶಾರ್ಟ್ ರೋದಲ್ಲಿ ಪ್ರತಿ ಸಾಲೂ ಬೇರೆ ಉದ್ದ. ಮನಸ್ಸಿನಲ್ಲೇ ಲೆಕ್ಕ ಇಟ್ಟುಕೊಳ್ಳುತ್ತೇನೆ ಅನ್ನುವವರು ಮೂರನೇ ತಿರುವಿನಲ್ಲಿ ದಾರಿ ತಪ್ಪುತ್ತಾರೆ.

## ಹಂತ 1: ಅಭ್ಯಾಸದ ತುಂಡಿಗೆ ತಳ ಹಾಕಿ

30 ಕುಣಿಕೆ ಹಾಕಿಕೊಳ್ಳಿ. 4 ಸಾಲು ಬರೀ ನಿಟ್ ಮಾಡಿ. ಇದರಿಂದ ತಳ ಸುರುಳಿ ಸುತ್ತುವುದು ಕಡಿಮೆಯಾಗುತ್ತದೆ. ಆಮೇಲೆ ಒಂದು ಸಾಲು ನಿಟ್, ಒಂದು ಸಾಲು ಪರ್ಲ್, ಹೀಗೆ 6 ಸಾಲು. ಪರ್ಲ್ ಸಾಲಿನಲ್ಲಿ ಮುಗಿಸಿ. ಈಗ ನಯವಾದ ನಿಟ್ ಬದಿ ನಿಮ್ಮ ಕಡೆ ಇದೆ, ನೂಲು ಬಲ ಅಂಚಿನಲ್ಲಿದೆ.

ನೇರವಾಗಿ ಸ್ವೆಟರ್ ಮೇಲೆ, ಅದಕ್ಕಿಂತ ಹೆಚ್ಚಾಗಿ ಸಾಕ್ಸ್ ಮೇಲೆ, ಮೊದಲ ಪ್ರಯೋಗ ಮಾಡಬೇಡಿ. ಸಾಕ್ಸಿನಲ್ಲಿ ಕಡ್ಡಿ ಸಣ್ಣ, ನೂಲು ಸಣ್ಣ, ಎರಡೂ ಕಡೆ ತಿರುವು. ಒಟ್ಟಿಗೆ ಮೂರು ಕಷ್ಟ. ಅಂಗೈಯಗಲದ ತುಂಡಿನಲ್ಲಿ ಕಲಿತರೆ ಒಂದೇ ಸಂಜೆ ಸಾಕು.

## ಹಂತ 2: ಮೊದಲ ತಿರುವು

24 ಕುಣಿಕೆ ನಿಟ್ ಮಾಡಿ. ಎಡ ಕಡ್ಡಿಯಲ್ಲಿ 6 ಉಳಿಯುತ್ತದೆ. ಅದನ್ನು ಮುಟ್ಟಬೇಡಿ. ಕೆಲಸವನ್ನು ತಿರುಗಿಸಿ. ಈಗ ಪರ್ಲ್ ಬದಿ ನಿಮ್ಮ ಕಡೆ. ಈಗ ಹೆಣೆದ 24 ಎಡಗೈಯಲ್ಲಿದೆ, ಮುಟ್ಟದ 6 ಬಲಗೈಯಲ್ಲಿದೆ.

ಇನ್ನು ನಿಧಾನವಾಗಿ:

1. ನೂಲು ನಿಮ್ಮ ಕಡೆಗೆ, ಅಂದರೆ ಮುಂದೆ ಇದೆಯೇ ನೋಡಿ. ಇಲ್ಲದಿದ್ದರೆ ಮುಂದಕ್ಕೆ ತನ್ನಿ.
2. ಎಡ ಕಡ್ಡಿಯ ಮೊದಲ ಕುಣಿಕೆಗೆ ಪರ್ಲ್ ಮಾಡುವ ಹಾಗೆ ಬಲ ಕಡ್ಡಿ ತೂರಿಸಿ. ಹೆಣೆಯಬೇಡಿ, ಸುಮ್ನೆ ಬಲ ಕಡ್ಡಿಗೆ ಜರುಗಿಸಿ.
3. ನೂಲನ್ನು ಮೇಲಕ್ಕೆತ್ತಿ, ಬಲ ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆಯಿರಿ. ಗಟ್ಟಿಯಾಗಿ ಎಳೆಯಿರಿ.
4. ಮುಂದಿನ ಕುಣಿಕೆ ಪರ್ಲ್ ಆಗಬೇಕು. ಹಾಗಾಗಿ ನೂಲನ್ನು ಎರಡು ಕಡ್ಡಿಗಳ ನಡುವಿಂದ ಮತ್ತೆ ಮುಂದಕ್ಕೆ ತನ್ನಿ. ಸಡಿಲ ಬಿಡದೆ ಪರ್ಲ್ ಶುರು ಮಾಡಿ.

ಮೂರನೇ ಹೆಜ್ಜೆಯಲ್ಲಿ ಏನಾಯಿತು ಅಂತ ಬೆಳಕಿಗೆ ಹಿಡಿದು ನೋಡಿ. ಕಡ್ಡಿಯ ಮೇಲೆ ಒಂದು ಎಳೆ ಇದ್ದ ಜಾಗದಲ್ಲಿ ಈಗ ಎರಡು ಎಳೆ ಅಕ್ಕಪಕ್ಕ ಕೂತಿವೆ. ನೂಲಿನ ಎಳೆತಕ್ಕೆ ಕುಣಿಕೆ ಮೇಲೆದ್ದು, ಅದರ ಎರಡು ಕಾಲೂ ಕಡ್ಡಿಯ ಮೇಲೇರಿದೆ. ಇದೇ ಜೋಡಿ ಕುಣಿಕೆ. ಕಾಣುವುದು ಎರಡಾದರೂ ಲೆಕ್ಕಕ್ಕೆ ಒಂದೇ.

ಎರಡು ಕಾಲು ಸ್ಪಷ್ಟವಾಗಿ ಕಾಣುತ್ತಿಲ್ಲವಾ? ಹಾಗಿದ್ದರೆ ನೀವು ಸಾಕಷ್ಟು ಎಳೆದಿಲ್ಲ. ಹೊಸಬರಿಗೆ ಬಟ್ಟೆ ಕಿವುಚಿಹೋಗುತ್ತದೆ ಅನ್ನುವ ಅಂಜಿಕೆ. ಇಲ್ಲಿ ಅಂಜಬೇಡಿ. ಆ ಎರಡು ಕಾಲನ್ನೂ ಸೇರಿಸಿ ಒಂದು ಮಾರ್ಕರ್ ಸಿಕ್ಕಿಸಿ. ವಾಪಸ್ ಬರುವಾಗ ಹುಡುಕಾಡುವುದು ತಪ್ಪುತ್ತದೆ.

ಆಮೇಲೆ ಸಾಲಿನ ಕೊನೆಯವರೆಗೆ ಪರ್ಲ್ ಮಾಡಿ. ಹೋಗುವ ಸಾಲು, ಬರುವ ಸಾಲು ಸೇರಿ ಒಂದು ಜೊತೆ ಶಾರ್ಟ್ ರೋ ಮುಗಿಯಿತು.

## ಹಂತ 3: ಓರೆ ಬೆಳೆಸಿ

ಕಾಗದದ ಮೇಲೆ 24, 18, 12, 6 ಅಂತ ಬರೆದುಕೊಳ್ಳಿ. 24 ಆಗಿದೆ, ಹೊಡೆದುಹಾಕಿ.

ಈಗ 18 ನಿಟ್ ಮಾಡಿ ತಿರುಗಿ, ಜೋಡಿ ಕುಣಿಕೆ ಮಾಡಿ, ಮಾರ್ಕರ್ ಸಿಕ್ಕಿಸಿ, ಕೊನೆಯವರೆಗೆ ಪರ್ಲ್. ಆಮೇಲೆ 12. ಆಮೇಲೆ 6. ಒಟ್ಟು 8 ಸಾಲು ಹೆಣೆದಿರುತ್ತೀರಿ. ಬಲ ಅಂಚಿನ 6 ಕುಣಿಕೆಗೆ 8 ಸಾಲೂ ಸಿಕ್ಕಿದೆ, ಎಡ ಅಂಚಿನ 6 ಕುಣಿಕೆಗೆ ಒಂದೂ ಇಲ್ಲ.

ಪ್ಯಾಟರ್ನ್‌ಗಳಲ್ಲಿ ಇದನ್ನೇ ಇನ್ನೊಂದು ರೀತಿ ಹೇಳುತ್ತಾರೆ: 'ಹಿಂದಿನ ಜೋಡಿಗೆ ಮುಂಚೆ 5 ಉಳಿಸಿ ತಿರುಗಿ'. 18ಕ್ಕೆ ನಿಂತಾಗ ಮುಂದೆ ಐದು ಒಂಟಿ ಕುಣಿಕೆ, ಆರನೆಯದು ಜೋಡಿ. ಇಲ್ಲಿ ಬಹಳ ಜನ ಜೋಡಿಯನ್ನು ಬಿಟ್ಟು ಆರು ಒಂಟಿ ಎಣಿಸುತ್ತಾರೆ. ಪ್ರತಿ ಮೆಟ್ಟಿಲೂ ಒಂದೊಂದು ಕುಣಿಕೆ ಆಚೀಚೆಯಾಗಿ, ಕೊನೆಯ ತಿರುವಿಗೆ ಕುಣಿಕೆಯೇ ಸಾಲದೆ ಹೋಗುತ್ತದೆ. ಪ್ಯಾಟರ್ನ್ ಜೋಡಿಯನ್ನು ಸೇರಿಸಿ ಎಣಿಸುತ್ತಿದೆಯಾ ಬಿಟ್ಟು ಎಣಿಸುತ್ತಿದೆಯಾ ಅಂತ ಮೊದಲ ಎರಡು ತಿರುವಿನಲ್ಲೇ ಖಾತ್ರಿ ಮಾಡಿಕೊಳ್ಳಿ.

ಮಧ್ಯೆ ಏಳಬೇಕಾದರೆ ಪರ್ಲ್ ಸಾಲು ಮುಗಿಸಿಯೇ ಏಳಿ. ಆಗ ಎಲ್ಲ ಕುಣಿಕೆಯೂ ಒಂದೇ ಕಡ್ಡಿಯ ಮೇಲಿರುತ್ತದೆ. ತಿರುವಿನ ಹತ್ತಿರ ಬಿಟ್ಟು ಹೋದರೆ ಎರಡು ಕಡ್ಡಿಯಲ್ಲೂ ಕುಣಿಕೆ ಇರುತ್ತದೆ. ಬಂದು ಕೈಗೆತ್ತಿಕೊಂಡಾಗ ಯಾವ ದಿಕ್ಕಿಗೆ ಹೋಗುತ್ತಿದ್ದೆ ಅನ್ನುವುದು ಮರೆತಿರುತ್ತದೆ. ಹಾಗೂ ಸಾಲಿನ ನಡುವೆ ಬಿಡಬೇಕಾಗಿ ಬಂದರೆ ಒಂದು ಗುರುತು ನೆನಪಿಡಿ: ನೂಲು ನೇತಾಡುತ್ತಿರುವ ಕಡ್ಡಿ ಬಲಗೈಗೆ ಬರಬೇಕು. ಎಡಗೈಯಲ್ಲಿ ಹೆಣೆಯುವವರಿಗೆ ಇದು ತಿರುಗುಮುರುಗು. ಶಾರ್ಟ್ ರೋ ಗೊತ್ತೇ ಇಲ್ಲದವರ ಮಫ್ಲರ್ ಒಂದು ಪಕ್ಕ ಉದ್ದವಾಗಿ, ನಡುವೆ ಒಂದು ತೂತು ಬೀಳುವುದಕ್ಕೂ ಬಹಳ ಸಲ ಇದೇ ಕಾರಣ. ಅರ್ಧ ಸಾಲಿಗೆ ಬಿಟ್ಟು, ಮತ್ತೆ ಹಿಡಿದಾಗ ಉಲ್ಟಾ ದಿಕ್ಕಿಗೆ ಹೋಗಿರುತ್ತಾರೆ.

## ಹಂತ 4: ಮುಚ್ಚುವ ಸಾಲು

ಇಲ್ಲಿ ಟಿವಿ ಆಫ್ ಮಾಡಿ. ಮಾತು ಬೇಡ. ಈ ಒಂದು ಸಾಲಿಗೆ ಪೂರ್ತಿ ಗಮನ ಬೇಕು.

ಈಗ ಎಲ್ಲ 30 ಕುಣಿಕೆಯನ್ನೂ ನಿಟ್ ಮಾಡಬೇಕು. 6ನೇ, 12ನೇ, 18ನೇ, 24ನೇ ಜಾಗದಲ್ಲಿ ಜೋಡಿ ಕುಣಿಕೆಗಳಿವೆ. 5 ಒಂಟಿ ಹೆಣೆಯಿರಿ. ಮಾರ್ಕರ್ ಬಂತು. ನಿಲ್ಲಿ. ಜೋಡಿಯ ಎರಡು ಕಾಲನ್ನೂ ಎಡ ಕಡ್ಡಿಯ ತುದಿಗೆ ತನ್ನಿ, ಬೆರಳಿನಿಂದ ಸ್ವಲ್ಪ ಬಿಡಿಸಿ ನೋಡಿ. ಬಲ ಕಡ್ಡಿಯನ್ನು ಎರಡೂ ಕಾಲಿನ ಒಳಗೆ ಒಟ್ಟಿಗೆ ತೂರಿಸಿ, ಒಂದೇ ಕುಣಿಕೆಯಾಗಿ ನಿಟ್ ಮಾಡಿ. ಎರಡೂ ಕಾಲು ಎಡ ಕಡ್ಡಿಯಿಂದ ಒಟ್ಟಿಗೆ ಜಾರಬೇಕು. ಮಾರ್ಕರ್ ತೆಗೆಯಿರಿ. ಮುಂದಕ್ಕೆ ಹೋಗಿ.

ಸಾಲು ಮುಗಿದ ತಕ್ಷಣ, ಪರ್ಲ್ ಶುರು ಮಾಡುವ ಮೊದಲೇ, ಎಣಿಸಿ. 30 ಬಂದರೆ ಸರಿ. ಬರದಿದ್ದರೆ ಆ ಸಂಖ್ಯೆಯೇ ಏನು ತಪ್ಪಾಗಿದೆ ಅಂತ ಹೇಳುತ್ತದೆ.

31 ಬಂದರೆ ಒಂದು ಜೋಡಿಯ ಎರಡು ಕಾಲನ್ನು ಬಿಡಿಬಿಡಿಯಾಗಿ ಹೆಣೆದಿದ್ದೀರಿ. 34 ಬಂದರೆ ನಾಲ್ಕನ್ನೂ. ಎಲ್ಲಕ್ಕಿಂತ ಜಾಸ್ತಿ ಕಾಣುವ ತಪ್ಪು ಇದೇ. ತೂತು ಬಿತ್ತು ಅಂತ ಬರುವವರಲ್ಲಿ ಹೆಚ್ಚಿನವರ ಕುಣಿಕೆ ಎಣಿಸಿದರೆ ಲೆಕ್ಕ ಜಾಸ್ತಿಯೇ ಇರುತ್ತದೆ.

29 ಬಂದರೆ ಜೋಡಿಯ ಜೊತೆಗೆ ಪಕ್ಕದ ಒಂಟಿಯನ್ನೂ ಸೇರಿಸಿ ಹೆಣೆದಿದ್ದೀರಿ, ಇಲ್ಲವೇ ಒಂದು ಕುಣಿಕೆ ಕೆಳಗೆ ಬಿದ್ದಿದೆ.

ಲೆಕ್ಕ ತಪ್ಪಿದಾಗ ಮುಂದಿನ ಸಾಲಿನಲ್ಲಿ ಎಲ್ಲೋ ಎರಡು ಕುಣಿಕೆ ಸೇರಿಸಿ ಸರಿಮಾಡಿಕೊಳ್ಳೋಣ ಅನ್ನಿಸುತ್ತದೆ. ಹಾಗೆ ಮಾಡಬೇಡಿ. ಲೆಕ್ಕ ಸರಿಹೋಗುತ್ತದೆ, ತೂತು ಹಾಗೇ ಇರುತ್ತದೆ. ತಪ್ಪಿದ ಜೋಡಿಯವರೆಗೆ ಒಂದೊಂದೇ ಕುಣಿಕೆ ಹಿಂದಕ್ಕೆ ಬಿಚ್ಚಿ, ಎರಡು ಕಾಲನ್ನು ಮತ್ತೆ ಕಡ್ಡಿಗೇರಿಸಿ ಹೆಣೆಯಿರಿ. ಒಂದೇ ಸಾಲು ತಾನೇ, ಹತ್ತು ನಿಮಿಷದ ಕೆಲಸ.

ಲೆಕ್ಕ ಸರಿಯಾದ ಮೇಲೆ ಒಂದು ಪರ್ಲ್ ಸಾಲು, ಮೇಲೆ ನಾಲ್ಕು ಮಾಮೂಲಿ ಸಾಲು ಹೆಣೆದು ತುಂಡನ್ನು ನೋಡಿ. 10 ಸೆಂ.ಮೀ.ಗೆ 28 ಸಾಲು ಬರುವ ಕೈಯಾದರೆ ಬಲ ಅಂಚು ಎಡಕ್ಕಿಂತ ಹತ್ತಿರ ಹತ್ತಿರ 3 ಸೆಂ.ಮೀ. ಎತ್ತರ ಇರಬೇಕು. ತಿರುವಿನ ಜಾಗ ಹುಡುಕಿದರೆ ಸಿಗುತ್ತದೆ, ದೂರದಿಂದ ಕಾಣುವುದಿಲ್ಲ. ಅಷ್ಟಾದರೆ ಚೆನ್ನಾಗಿ ಬಂದಿದೆ ಅಂತಲೇ ಲೆಕ್ಕ.

## ಹಂತ 5: ಎರಡೂ ಕಡೆ ತಿರುವು

ಸ್ವೆಟರಿನ ಹಿಂಗುತ್ತಿಗೆಯ ಭಾಗ ಮುಂಭಾಗಕ್ಕಿಂತ ಸ್ವಲ್ಪ ಎತ್ತರ ಇರಬೇಕು. ಇಲ್ಲದಿದ್ದರೆ ಮುಂದಿನ ಕಂಠ ಗಂಟಲಿಗೆ ಒತ್ತುತ್ತದೆ, ಸ್ವೆಟರ್ ಹಿಂದಕ್ಕೆ ಜಾರುತ್ತಿರುತ್ತದೆ. ಅದಕ್ಕೆ ನಡುವೆ ಎತ್ತರ, ಎರಡು ಪಕ್ಕ ತಗ್ಗು ಬೇಕು. ಅಂದರೆ ನಿಟ್ ಬದಿಯಲ್ಲೂ ಪರ್ಲ್ ಬದಿಯಲ್ಲೂ ತಿರುಗಬೇಕು.

ನಿಟ್ ಬದಿ ಎದುರಿದ್ದಾಗ ಜೋಡಿ ಮಾಡುವುದು ಇನ್ನೂ ಸುಲಭ. ಪರ್ಲ್ ಮಾಡುತ್ತಾ ಬಂದು ತಿರುಗಿದಾಗ ನೂಲು ಹಿಂದೆ ಇರುತ್ತದೆ. ಅದನ್ನು ಮುಂದಕ್ಕೆ ತನ್ನಿ. ಕುಣಿಕೆಯನ್ನು ಪರ್ಲ್ ಮಾಡುವ ಹಾಗೆ ಜರುಗಿಸಿ. ನೂಲನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆಯಿರಿ. ನೂಲು ಆಗಲೇ ಹಿಂದೆ ಇದೆ, ನೇರ ನಿಟ್ ಶುರು ಮಾಡಬಹುದು. ಇಲ್ಲಿ ಆಗುವ ತಪ್ಪು ಒಂದೇ: ನೂಲನ್ನು ಮುಂದಕ್ಕೆ ತರದೆ ಹಿಂದಿನಿಂದಲೇ ಎಳೆಯುವುದು. ಆಗ ಜೋಡಿ ಆಗುವುದೇ ಇಲ್ಲ, ಬರೀ ಜರುಗಿಸಿದ ಒಂಟಿ ಕುಣಿಕೆ ಉಳಿಯುತ್ತದೆ.

ಅದೇ 30 ಕುಣಿಕೆಯ ತುಂಡಿನ ಮೇಲೆ, ನಿಟ್ ಬದಿಯಿಂದ ಶುರು ಮಾಡಿ:

1. 26 ನಿಟ್, ತಿರುಗಿ.
2. ಜೋಡಿ ಮಾಡಿ, ಇನ್ನೊಂದು ತುದಿಯಲ್ಲಿ 4 ಉಳಿಯುವವರೆಗೆ ಪರ್ಲ್, ತಿರುಗಿ.
3. ಜೋಡಿ ಮಾಡಿ, ಮುಂದಿನ ಜೋಡಿಗೆ ಮುಂಚೆ 3 ಒಂಟಿ ಉಳಿಯುವವರೆಗೆ ನಿಟ್, ತಿರುಗಿ.
4. ಜೋಡಿ ಮಾಡಿ, ಮುಂದಿನ ಜೋಡಿಗೆ ಮುಂಚೆ 3 ಉಳಿಯುವವರೆಗೆ ಪರ್ಲ್, ತಿರುಗಿ.
5. ಮೂರನೆಯದರ ಹಾಗೆ.
6. ನಾಲ್ಕನೆಯದರ ಹಾಗೆ.
7. ಜೋಡಿ ಮಾಡಿ, ಸಾಲಿನ ಕೊನೆಯವರೆಗೆ ನಿಟ್. ದಾರಿಯಲ್ಲಿ ಸಿಗುವ ಮೂರು ಜೋಡಿಯನ್ನು ಒಂದೊಂದಾಗಿ ಮುಚ್ಚಿ.
8. ಪೂರ್ತಿ ಸಾಲು ಪರ್ಲ್. ಉಳಿದ ಮೂರು ಜೋಡಿಯನ್ನು ಮುಚ್ಚಿ.

ಪರ್ಲ್‌ನಲ್ಲಿ ಮುಚ್ಚುವುದೂ ಹಾಗೇ. ಎರಡು ಕಾಲಿಗೂ ಒಟ್ಟಿಗೆ ಕಡ್ಡಿ ಹಾಕಿ ಒಂದು ಪರ್ಲ್. ಕೊನೆಗೆ 30 ಇರಬೇಕು. ನಡುವಿನ ಭಾಗ ಅಂಚಿಗಿಂತ 6 ಸಾಲು, ಅಂದರೆ ಸುಮಾರು 2 ಸೆಂ.ಮೀ. ಎತ್ತರ ಬಂದಿರುತ್ತದೆ.

ಒಂದು ಪಕ್ಕದ ತಿರುವು ನೀಟಾಗಿ, ಇನ್ನೊಂದು ಪಕ್ಕದ್ದು ಸಡಿಲವಾಗಿ ಕಂಡರೆ ಗಾಬರಿ ಬೇಡ. ಬಹಳ ಜನರ ಕೈ ಪರ್ಲ್ ಮಾಡುವಾಗ ಸ್ವಲ್ಪ ಸಡಿಲ. ಯಾವ ಪಕ್ಕ ಸಡಿಲವೋ ಆ ಕಡೆ ಜೋಡಿ ಮಾಡಿದ ಮೇಲೆ ಬರುವ ಮೊದಲ ಎರಡು ಕುಣಿಕೆಯನ್ನೂ ಬಿಗಿಯಾಗಿ ಹೆಣೆಯಿರಿ.

## ಹಂತ 6: ಪ್ಯಾಟರ್ನ್ ಬೇರೆ ವಿಧಾನ ಹೇಳಿದ್ದರೆ

ಎಷ್ಟೋ ಪ್ಯಾಟರ್ನ್‌ಗಳಲ್ಲಿ, ಹಳೆಯವುಗಳಲ್ಲಂತೂ, 'ಡಬ್ಲ್ಯು ಆಂಡ್ ಟಿ' ಅಂತ ಇರುತ್ತದೆ. ರ‍್ಯಾಪ್ ಮಾಡಿ ತಿರುಗುವುದು. ಇದರಲ್ಲಿ ಮುಂದಿನ, ಹೆಣೆಯದ ಕುಣಿಕೆಯ ಕುತ್ತಿಗೆಗೆ ನೂಲನ್ನು ಒಂದು ಸುತ್ತು ಹಾಕುತ್ತಾರೆ. ನಿಟ್ ಬದಿಯಲ್ಲಿ: ನೂಲು ಮುಂದಕ್ಕೆ, ಮುಂದಿನ ಕುಣಿಕೆಯನ್ನು ಬಲ ಕಡ್ಡಿಗೆ ಜರುಗಿಸಿ, ನೂಲು ಹಿಂದಕ್ಕೆ, ಕುಣಿಕೆಯನ್ನು ಎಡ ಕಡ್ಡಿಗೆ ವಾಪಸ್, ತಿರುಗಿ. ಮುಚ್ಚುವ ಸಾಲಿನಲ್ಲಿ ಆ ಸುತ್ತನ್ನು ಕೆಳಗಿನಿಂದ ಕಡ್ಡಿಗೆತ್ತಿ, ಕುಣಿಕೆಯ ಜೊತೆ ಸೇರಿಸಿ ನಿಟ್ ಮಾಡಬೇಕು. ಸುತ್ತನ್ನು ಹುಡುಕಿ ಎತ್ತುವುದೇ ಹೊಸಬರಿಗೆ ತಲೆನೋವು.

ಅದರ ಜಾಗದಲ್ಲಿ ಜರ್ಮನ್ ವಿಧಾನ ಹಾಕಬಹುದು. ಒಂದು ವ್ಯತ್ಯಾಸ ಮಾತ್ರ ಗಮನದಲ್ಲಿರಲಿ. ರ‍್ಯಾಪ್‌ನಲ್ಲಿ ಗುರುತು ಬೀಳುವುದು ಹೆಣೆದದ್ದರ ಮುಂದಿನ ಕುಣಿಕೆಗೆ. ಜರ್ಮನ್‌ನಲ್ಲಿ ಕೊನೆಗೆ ಹೆಣೆದ ಕುಣಿಕೆಗೇ. ಹಾಗಾಗಿ '20 ನಿಟ್, ಡಬ್ಲ್ಯು ಆಂಡ್ ಟಿ' ಅಂತ ಇದ್ದರೆ ನೀವು 21 ನಿಟ್ ಮಾಡಿ, ತಿರುಗಿ, ಜೋಡಿ ಮಾಡಿ. ಪ್ರತಿ ತಿರುವಿಗೂ ಒಂದು ಕುಣಿಕೆ ಜಾಸ್ತಿ. ಎರಡು ಬದಿಗೂ ಇದೇ ಲೆಕ್ಕ.

'ಡಿಎಸ್' ಅಥವಾ 'ಎಂಡಿಎಸ್' ಅಂತ ಇದ್ದರೆ ಅದು ನಮ್ಮ ಜೋಡಿ ಕುಣಿಕೆಯೇ, 'ಜಿಎಸ್‌ಆರ್' ಅಂದರೆ ಜರ್ಮನ್ ಶಾರ್ಟ್ ರೋ. ಆಗ ಬದಲಾವಣೆ ಏನೂ ಬೇಡ. ಪಿನ್ ಬಳಸುವ ಜಪಾನಿ ವಿಧಾನವೂ ಒಂದಿದೆ. ಅಚ್ಚುಕಟ್ಟಾಗಿ ಬರುತ್ತದೆ, ಆದರೆ ಕೈಗೆ ಜರ್ಮನ್ ಕೂತ ಮೇಲೆ ನೋಡಿಕೊಂಡರೆ ಸಾಕು.

ಎರಡೂ ಬದಿಯಲ್ಲಿ ಬರೀ ನಿಟ್ ಇರುವ ಗಾರ್ಟರ್ ಹೆಣಿಗೆಯಲ್ಲಿ ರ‍್ಯಾಪನ್ನು ಎತ್ತದೆ ಬಿಟ್ಟರೂ ಕಾಣುವುದಿಲ್ಲ. ಮಗುವಿನ ಟೋಪಿಯನ್ನು ಅಡ್ಡವಾಗಿ ಹೆಣೆಯುವ ಪ್ಯಾಟರ್ನ್‌ಗಳು ಹೆಚ್ಚಾಗಿ ಗಾರ್ಟರ್‌ನಲ್ಲೇ ಇರುತ್ತವೆ. ಮೊದಲ ನಿಜವಾದ ವಸ್ತುವಾಗಿ ನಾನು ಅದನ್ನೇ ಸೂಚಿಸುತ್ತೇನೆ. ಒಂದೇ ಓರೆಯನ್ನು ಮತ್ತೆ ಮತ್ತೆ ಹೆಣೆಯುವುದರಿಂದ, ಟೋಪಿ ಮುಗಿಯುವ ಹೊತ್ತಿಗೆ ಕೈಗೆ ಅಭ್ಯಾಸವಾಗಿರುತ್ತದೆ.

## ಹಂತ 7: ಸ್ವೆಟರಿನ ಭುಜಕ್ಕೆ ಲೆಕ್ಕ ಹಾಕಿ

ಭುಜದ ಇಳಿಜಾರಿಗೆ ಹಲವು ಪ್ಯಾಟರ್ನ್‌ಗಳಲ್ಲಿ ತೋಳಿನ ಅಂಚಿನಿಂದ 8, 8, 8 ಕುಣಿಕೆ ಕಾಸ್ಟ್ ಆಫ್ ಮಾಡಿ ಅಂತ ಇರುತ್ತದೆ. ಅಂಚು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲುತ್ತದೆ. ಹೊಲಿಯುವಾಗ ಆ ಮೆಟ್ಟಿಲುಗಳು ಕೈಗೆ ಸಿಗುವುದಿಲ್ಲ, ಹೊಲಿಗೆ ಉಬ್ಬುತ್ತದೆ. ಶಾರ್ಟ್ ರೋ ಹಾಕಿದರೆ ನೇರ ಓರೆ ಬರುತ್ತದೆ.

ಬದಲಾಯಿಸುವುದು ಹೀಗೆ. ತೋಳಿನ ಅಂಚಿನ ಕಡೆಗೆ ಹೋಗುವ ಸಾಲಿನಲ್ಲಿ 8 ಉಳಿದಾಗ ತಿರುಗಿ, ವಾಪಸ್ ಹೆಣೆಯಿರಿ. ಮುಂದಿನ ಸಲ 16 ಉಳಿದಾಗ ತಿರುಗಿ, ವಾಪಸ್. ಆಮೇಲೆ ಪೂರ್ತಿ 24 ಕುಣಿಕೆಗೆ ಮುಚ್ಚುವ ಸಾಲು. ಮೂರು ಮೆಟ್ಟಿಲಿಗೆ ತಿರುವು ಎರಡೇ. ಮೂರನೇ ತಿರುವು ಹಾಕಲು ಹೋದರೆ ಹೆಣೆಯುವುದಕ್ಕೆ ಕುಣಿಕೆಯೇ ಇರುವುದಿಲ್ಲ. ಮುಚ್ಚುವ ಸಾಲು ಆದ ಮೇಲೆ ಕಾಸ್ಟ್ ಆಫ್ ಮಾಡಿ, ಅಥವಾ ಕುಣಿಕೆಗಳನ್ನು ಹಾಗೇ ಇಟ್ಟುಕೊಂಡು ಮುಂಭಾಗ, ಹಿಂಭಾಗ ಎರಡನ್ನೂ ಮೂರನೇ ಕಡ್ಡಿಯಿಂದ ಒಟ್ಟಿಗೆ ಕಾಸ್ಟ್ ಆಫ್ ಮಾಡಿ ಜೋಡಿಸಿ. ಮುಚ್ಚದೆ ನೇರ ಕಾಸ್ಟ್ ಆಫ್‌ಗೆ ಹೋಗಬೇಡಿ.

ಪ್ಯಾಟರ್ನ್ ಇಲ್ಲದೆ ನೀವೇ ಲೆಕ್ಕ ಹಾಕಬೇಕಾದರೆ, ಇಳಿಜಾರು ಎಷ್ಟು ಸೆಂ.ಮೀ. ಬೇಕೋ ಅದನ್ನು 1 ಸೆಂ.ಮೀ.ಗೆ ಬರುವ ಸಾಲಿನಿಂದ ಗುಣಿಸಿ, ಎರಡರಿಂದ ಭಾಗಿಸಿ. ಬರುವುದೇ ತಿರುವಿನ ಸಂಖ್ಯೆ. 2 ಸೆಂ.ಮೀ. ಇಳಿಜಾರು, ಸೆಂ.ಮೀ.ಗೆ 2.8 ಸಾಲು ಅಂದರೆ 5.6. ಅದನ್ನು 6 ಸಾಲು ಮಾಡಿಕೊಳ್ಳಿ, 3 ತಿರುವು. 3 ತಿರುವಿಗೆ 4 ಮೆಟ್ಟಿಲು, 24 ಕುಣಿಕೆಯ ಭುಜಕ್ಕೆ ಮೆಟ್ಟಿಲಿಗೆ 6. ಸಾಲಿನ ಅಳತೆಯನ್ನು ತೊಳೆದು ಒಣಗಿಸಿದ ತುಂಡಿನ ಮೇಲೇ ತೆಗೆದುಕೊಳ್ಳಿ. ಕಡ್ಡಿಯ ಮೇಲಿರುವಾಗ ಎಳೆದು ಅಳೆದ ಅಳತೆಗೆ ಅರ್ಥವಿಲ್ಲ.

ಎಡ ಭುಜ, ಬಲ ಭುಜ ಎರಡರ ಇಳಿಜಾರೂ ತೋಳಿನ ಕಡೆಗೇ ಇರಬೇಕು. ಒಂದು ಭುಜಕ್ಕೆ ನಿಟ್ ಬದಿಯಲ್ಲಿ ನಿಂತು ತಿರುಗಿದರೆ, ಇನ್ನೊಂದಕ್ಕೆ ಪರ್ಲ್ ಬದಿಯಲ್ಲಿ. ಎರಡಕ್ಕೂ ಒಂದೇ ಬದಿಯಲ್ಲಿ ಹಾಕಿ, ಒಂದು ಭುಜದ ಎತ್ತರ ತೋಳಿನ ಕಡೆ ಬಂದಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಶುರು ಮಾಡುವ ಮುನ್ನ ಕಾಗದದ ಮೇಲೆ ಎರಡೂ ಭುಜ ಬರೆದು, ತೋಳು ಎಲ್ಲಿ, ಕುತ್ತಿಗೆ ಎಲ್ಲಿ ಅಂತ ಗುರುತು ಹಾಕಿಕೊಳ್ಳಿ.

## ಹಂತ 8: ಸಾಕ್ಸಿನ ಹಿಮ್ಮಡಿ, ಕೊನೆಗೆ

ಮೊದಲಿನ ಹಂತಗಳು ಕೈಗೆ ಕೂತ ಮೇಲೆ ಇದು. 60 ಕುಣಿಕೆಯ ಸಾಕ್ಸ್ ಅಂದುಕೊಳ್ಳಿ. ಅರ್ಧ, ಅಂದರೆ 30 ಕುಣಿಕೆ ಹಿಮ್ಮಡಿಗೆ. ಅದನ್ನು 10, 10, 10 ಅಂತ ಮಾರ್ಕರ್ ಹಾಕಿ ಭಾಗ ಮಾಡಿ.

ಮೊದಲ ಅರ್ಧ: 30 ನಿಟ್, ತಿರುಗಿ, ಜೋಡಿ ಮಾಡಿ, 30ರ ಕೊನೆಯವರೆಗೆ ಪರ್ಲ್, ತಿರುಗಿ, ಜೋಡಿ ಮಾಡಿ. ಇನ್ನು ಮುಂದೆ ಪ್ರತಿ ಸಾಲಿನಲ್ಲೂ ಹಿಂದಿನ ಜೋಡಿ ಸಿಗುವ ಮುಂಚೆ ತಿರುಗಿ. ಎರಡೂ ಪಕ್ಕದಲ್ಲಿ 10 ಜೋಡಿ, ನಡುವೆ 10 ಒಂಟಿ ಉಳಿದಾಗ ನಿಲ್ಲಿಸಿ. ಆಮೇಲೆ ಎಲ್ಲ 60 ಕುಣಿಕೆಯ ಮೇಲೆ 2 ಸುತ್ತು ಹೆಣೆಯಿರಿ. ಮೊದಲ ಸುತ್ತಿನಲ್ಲಿ ಎಲ್ಲ ಜೋಡಿಯೂ ಮುಚ್ಚಬೇಕು.

ಎರಡನೇ ಅರ್ಧ ಇದರ ಉಲ್ಟಾ. ನಡುವಿನ 10ರ ಕೊನೆಗೆ ತಿರುಗಿ, ಜೋಡಿ ಮಾಡಿ, 10ರ ಇನ್ನೊಂದು ಕೊನೆವರೆಗೆ ಪರ್ಲ್, ತಿರುಗಿ, ಜೋಡಿ. ಆಮೇಲೆ ಪ್ರತಿ ಸಾಲಿನಲ್ಲಿ ಹಿಂದಿನ ಜೋಡಿಯನ್ನು ಮುಚ್ಚಿ, ಅದರ ಪಕ್ಕದ ಇನ್ನೊಂದು ಕುಣಿಕೆಯನ್ನೂ ಹೆಣೆದು ತಿರುಗಿ. 30 ಕುಣಿಕೆಯೂ ಒಳಗೆ ಬರುವವರೆಗೆ ಹೀಗೇ. ಕೊನೆಗೆ ಉಳಿಯುವ ಎರಡು ಜೋಡಿಯನ್ನು ಮುಂದಿನ ಸುತ್ತಿನಲ್ಲಿ ಮುಚ್ಚಿ.

ಸುತ್ತು ಹೆಣಿಗೆಯಲ್ಲಿ ಎಲ್ಲ ಜೋಡಿಯನ್ನೂ ನಿಟ್ ಬದಿಯಿಂದಲೇ ಮುಚ್ಚಬೇಕಾಗುತ್ತದೆ. ಅದಕ್ಕೆ ಒಂದು ಪಕ್ಕ ಸ್ವಲ್ಪ ಒರಟಾಗಿ ಕಾಣುವುದು ಸಹಜ. ಪಾದದ ಮೇಲ್ಭಾಗ ಮತ್ತು ಹಿಮ್ಮಡಿ ಸೇರುವ ಎರಡು ಮೂಲೆಗಳಲ್ಲಿ ಸಂದು ಬಂದರೆ, ಆ ಜಾಗದ ಅಡ್ಡ ಎಳೆಯನ್ನು ಕಡ್ಡಿಗೆತ್ತಿ, ತಿರುಚಿ, ಪಕ್ಕದ ಕುಣಿಕೆಯ ಜೊತೆ ಸೇರಿಸಿ ಹೆಣೆಯಿರಿ.

## ಬಿಚ್ಚಬೇಕೋ ಬೇಡವೋ?

ತೂತು ಕಂಡ ತಕ್ಷಣ ಕಡ್ಡಿ ಎಳೆದು ಬಿಚ್ಚಬೇಡಿ. ಮೊದಲು ಎಣಿಸಿ.

ಲೆಕ್ಕ ಸರಿ ಇದ್ದು ತಿರುವಿನಲ್ಲಿ ಸಣ್ಣ ಸಡಿಲ ಇದ್ದರೆ ಬಿಚ್ಚುವ ಅಗತ್ಯ ಇಲ್ಲ. ಸೂಜಿಯ ತುದಿಯಿಂದ ಆ ಸಡಿಲವನ್ನು ಅಕ್ಕಪಕ್ಕದ ನಾಲ್ಕೈದು ಕುಣಿಕೆಗೆ ಸ್ವಲ್ಪ ಸ್ವಲ್ಪ ಹಂಚಿ. ತೊಳೆದು ಒಣಗಿಸಿದಾಗ ಉಣ್ಣೆ ಇನ್ನಷ್ಟು ಸಮ ಆಗುತ್ತದೆ. ಅದಾದ ಮೇಲೂ ಕಂಡರೆ ಅದೇ ನೂಲಿನ ಒಂದು ತುಂಡನ್ನು ಮೊಂಡು ಸೂಜಿಗೆ ಪೋಣಿಸಿ, ಹಿಂಬದಿಯಿಂದ ತೂತಿನ ಸುತ್ತಲಿನ ಎಳೆಗಳನ್ನು ಹಿಡಿದು ಮೆಲ್ಲಗೆ ಬಿಗಿದು ಮುಚ್ಚಿ.

ಲೆಕ್ಕ ಜಾಸ್ತಿ ಇದ್ದರೆ ಮುಚ್ಚುವ ಸಾಲನ್ನು ಮಾತ್ರ ಬಿಚ್ಚಿ. ಜೋಡಿಗಳು ಕೆಳಗೆ ಸುರಕ್ಷಿತವಾಗಿರುತ್ತವೆ.

ಎತ್ತರ ತಪ್ಪಾದ ಪಕ್ಕಕ್ಕೆ ಬಂದಿದ್ದರೆ, ಅಥವಾ ತಿರುವುಗಳು ಒಂದೇ ಓರೆಗೆರೆಯಲ್ಲಿ ಇಲ್ಲದೆ ಆಚೀಚೆ ಇದ್ದರೆ, ಪೂರ್ತಿ ಬಿಚ್ಚಿ ಮೊದಲ ತಿರುವಿಗೇ ಹೋಗಿ. ಇದಕ್ಕೆ ತೇಪೆ ನಡೆಯುವುದಿಲ್ಲ. ಬಿಚ್ಚುವ ಮುನ್ನ, ಶಾರ್ಟ್ ರೋಗೆ ಮುಂಚಿನ ಪೂರ್ತಿ ಸಾಲಿನ ಪ್ರತಿ ಕುಣಿಕೆಯೊಳಗೂ ಬೇರೆ ಬಣ್ಣದ ದಾರವನ್ನು ಸೂಜಿಯಿಂದ ಪೋಣಿಸಿ. ಬಿಚ್ಚುವುದು ಆ ದಾರದ ಹತ್ತಿರ ತಾನಾಗೇ ನಿಲ್ಲುತ್ತದೆ.

ಅಕ್ರಿಲಿಕ್ ತುಂಡು ಉಬ್ಬಿದೆ ಅಂತ ಅದರ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಬೇಡಿ. ನೂಲು ಕರಗಿ ಚಪ್ಪಟೆಯಾಗುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಒದ್ದೆ ಮಾಡಿ, ಟವೆಲ್‌ನಲ್ಲಿ ಸುತ್ತಿ ನೀರು ಹಿಂಡಿ, ಚಾಪೆಯ ಮೇಲೆ ಬೇಕಾದ ಆಕಾರಕ್ಕೆ ಹರಡಿ, ನೆರಳಿನಲ್ಲಿ ಒಣಗಲು ಬಿಡಿ.